ನೆಲಕ್ಕೆ ತೇರು, ನೀರಿಗೆ ದೋಣಿ, ಬಾನಿಗೆ ವಿಮಾನ

ಕಾರ್ತಿಕ ಮಾಸದ ಕೊನೆಯಲ್ಲಿ ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆ ಹೋದವರು ಸಾಲುಸಾಲಾದ ಆಟಿಕೆಯ ಅಂಗಡಿಗಳನ್ನು ನೋಡದೆ ಹಿಂದಿರುಗಿರಲಾರರು. ಬುಗುರಿ, ಪೀಪಿ, ಬಣ್ಣದ ಗಿರಗಟ್ಟೆಗಳ ಪಕ್ಕದಲ್ಲಿಯೇ ಒಂದು ವಿಚಿತ್ರವಾದ ಆಟಿಕೆ ಈಗ ಮಾರಾಟಕ್ಕಿರುತ್ತದೆ. ನೋಡಲು ಅದು ಮೋಟಾರು ಕಾರು. ಬಾಗಿಲುಗಳನ್ನು ಹೊರಕ್ಕೆಳೆದು, ಚಕ್ರಗಳನ್ನು ಒಳಕ್ಕೆ ಮಡಚಿ, ಮೂತಿಯನ್ನು ಮೇಲೆತ್ತಿದರೆ ಅದೇ ಕಾರು ಕೈಯಲ್ಲಿ ಬಂದೂಕು ಹಿಡಿದ ಯಂತ್ರಮಾನವನಾಗಿ ಎದ್ದು ನಿಲ್ಲುತ್ತದೆ. ಜಪಾನಿನ ತಕಾರಾ ಕಂಪೆನಿಯ ಗೊಂಬೆಗಳನ್ನು ಅಮೆರಿಕದ ಹ್ಯಾಸ್‌ಬ್ರೋ ಕಂಪೆನಿಯವರು 1984ರಲ್ಲಿ ‘ಟ್ರಾನ್ಸ್‌ಫಾರ್ಮರ್ಸ್’ ಎಂದು ಹೆಸರಿಟ್ಟು ಮಾರಲಾರಂಭಿಸಿದಂದಿನಿಂದ ಈ ಜಾತಿಯ ಆಟಿಕೆಗಳಿಗೂ ಚಲನಚಿತ್ರಗಳಿಗೂ ಕೊನೆಯೇ ಇಲ್ಲದಂತಾಗಿದೆ. ರಣರಂಗದಲ್ಲಿ ಒಮ್ಮೆ ಬಂಡಿ, ಒಮ್ಮೆ ವಿಮಾನ, ಒಮ್ಮೆ ಕಾಲಾಳು: ಒಂದೇ ಯಂತ್ರಕ್ಕೆ ಹಲವು ವೇಷ.

ಬೆಳ್ತಂಗಡಿಯಂತಹ ಊರಿನಲ್ಲಿ ಕನ್ನಡ ಪಾಠ ಹೇಳುವ ನನಗೂ ಈ ಯಂತ್ರಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವನ್ನು ಹುಡುಕಿ ತಂದವರು ವಿದ್ಯಾರ್ಥಿಗಳು. ಹಳಗನ್ನಡ ಕಾವ್ಯದಲ್ಲಿ ರಥವೊ ವಿಮಾನವೊ ಬಂದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: “ಸಾರ್, ಇಂಥದೆಲ್ಲ ನಮ್ಮಲ್ಲಿ ಮೊದಲೇ ಇತ್ತಂತೆ, ಹೌದೆ?” ಕೇಳುವವರಲ್ಲಿ ಕೆಲವರಿಗೆ ನಿಜವಾದ ಕುತೂಹಲ, ಕೆಲವರಿಗೆ ಅಭಿಮಾನ, ಮತ್ತೆ ಕೆಲವರಿಗೆ ಮೇಷ್ಟರು ಯಾವ ಪಕ್ಷ ಎಂದು ತಿಳಿಯುವ ಹವಣಿಕೆ. ಇತ್ತು ಎಂದರೆ ಒಂದು ಗುಂಪಿಗೆ ಸಂತೋಷ, ಇಲ್ಲ ಎಂದರೆ ಇನ್ನೊಂದು ಗುಂಪಿಗೆ. ಎರಡು ಗುಂಪಿನವರೂ ಆ ಪುಸ್ತಕಗಳನ್ನು ತೆರೆದು ನೋಡಿರುವುದಿಲ್ಲ ಎಂಬುದೇ ಇದರಲ್ಲಿ ಸೋಜಿಗದ ಸಂಗತಿ.

ತೆರೆದು ನೋಡಿದರೆ ಒಂದು ವಿಷಯ ಮೊದಲು ಕಣ್ಣಿಗೆ ಬೀಳುತ್ತದೆ. ರೂಪ ಬದಲಿಸುವ ಯುದ್ಧವಾಹನವನ್ನು ಕಲ್ಪಿಸಿದ ನಮ್ಮ ಹಳೆಯ ಕವಿಗಳು ಅದಕ್ಕೊಂದು ಸುಂಕವನ್ನೂ ವಿಧಿಸಿದ್ದಾರೆ. ಹಿಂದೆ ಘಟ್ಟ ಹತ್ತುವ ಸರಕು ಕಟ್ಟೆಯಲ್ಲಿ ಸುಂಕ ತೆತ್ತ ಹಾಗೆ, ನೆಲದಿಂದ ನೀರಿಗೆ, ನೀರಿನಿಂದ ಬಾನಿಗೆ ದಾಟುವ ವಾಹನವೂ ಏನನ್ನಾದರೂ ಕಳೆದುಕೊಂಡೇ ದಾಟಬೇಕು. ಆ ಸುಂಕವೆಲ್ಲಿದೆ ಎಂದು ಹುಡುಕುವುದೇ ಇಂತಹ ಕಥೆಗಳನ್ನು ಓದುವ ಸರಿಯಾದ ದಾರಿಯೆಂದು ನನಗೆ ತೋರುತ್ತದೆ.

ಸಾಲ್ವನ ಸೌಭ

ಮಹಾಭಾರತದ ವನಪರ್ವದಲ್ಲಿ ಶ್ರೀಕೃಷ್ಣನು ಕಾಡಿಗೆ ಬಂದು ಪಾಂಡವರನ್ನು ಕಾಣುತ್ತಾನೆ. ಜೂಜಿನ ದಿನ ನೀನೆಲ್ಲಿದ್ದೆ ಎಂಬ ಪ್ರಶ್ನೆಗೆ ಅವನು ಕೊಡುವ ಉತ್ತರವೇ ಸೌಭದ ಕಥೆ. ಶಿಶುಪಾಲನ ವಧೆಯಿಂದ ಕೆರಳಿದ ಸಾಲ್ವನು ಆಕಾಶದಲ್ಲಿ ಚಲಿಸುವ ಸೌಭವೆಂಬ ನಗರದಲ್ಲಿ ಕುಳಿತು ದ್ವಾರಕೆಗೆ ಮುತ್ತಿಗೆ ಹಾಕಿದ್ದನು. ಭಾಗವತದ ದಶಮಸ್ಕಂಧ ಇದನ್ನೇ ಇನ್ನಷ್ಟು ರಂಗಾಗಿ ಹೇಳುತ್ತದೆ. ಅದು ಮಯನು ಉಕ್ಕಿನಿಂದ ಕಟ್ಟಿಕೊಟ್ಟ ವಾಹನ. ಮನಸ್ಸು ಬಂದೆಡೆಗೆ ಹೋಗಬಲ್ಲುದು. ಒಮ್ಮೆ ನೆಲದ ಮೇಲೆ, ಒಮ್ಮೆ ಗಗನದಲ್ಲಿ, ಒಮ್ಮೆ ಬೆಟ್ಟದ ತುದಿಯಲ್ಲಿ, ಒಮ್ಮೆ ನೀರಿನಲ್ಲಿ; ಒಮ್ಮೆ ಒಂದು, ಒಮ್ಮೆ ಹಲವು; ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ಕೊಳ್ಳಿಯನ್ನು ತಿರುಗಿಸಿದಾಗ ಕಾಣುವ ಬೆಂಕಿಯ ಬಳೆಯಂತೆ ಅದು ಎಲ್ಲಿಯೂ ನಿಲ್ಲದೆ ಸುತ್ತುತ್ತಿತ್ತು. ಅದರಿಂದ ಕಲ್ಲು, ಮರ, ಸಿಡಿಲು, ಹಾವುಗಳು ಊರ ಮೇಲೆ ಬೀಳುತ್ತಿದ್ದುವು. ಸುಂಟರಗಾಳಿ ಎದ್ದು ದಿಕ್ಕುಗಳೆಲ್ಲ ಧೂಳಿನಿಂದ ಮುಚ್ಚಿಹೋದುವು. ಇಂದಿನ ಮಾತಿನಲ್ಲಿ ಹೇಳುವುದಾದರೆ ಮುತ್ತಿಗೆ, ಬಾಂಬಿನ ದಾಳಿ, ಮರೆವೇಷ ಮೂರನ್ನೂ ಒಂದೇ ವಾಹನ ಮಾಡುತ್ತಿತ್ತು.

ಇದಿರು ಪಕ್ಷದ ಸಿದ್ಧತೆಯನ್ನು ಮಹಾಭಾರತ ವರ್ಣಿಸುವ ಬಗೆಯಂತೂ ಯಾವ ಸೇನಾಧಿಕಾರಿಯೂ ತಲೆದೂಗುವಂತಹುದು. ದ್ವಾರಕೆಯವರು ಸೇತುವೆಗಳನ್ನು ಮುರಿದರು, ದೋಣಿಗಳನ್ನು ತಡೆದರು, ಕಂದಕಗಳಲ್ಲಿ ಶೂಲಗಳನ್ನು ನೆಟ್ಟರು. ಮುದ್ರೆಯಿಲ್ಲದವರು ಊರಿನ ಒಳಗೂ ಬರುವಂತಿಲ್ಲ, ಹೊರಗೂ ಹೋಗುವಂತಿಲ್ಲ. ಯಾದವರು ಕುಡಿಯಬಾರದೆಂದು ಡಂಗುರ ಸಾರಿಸಲಾಯಿತು. ನಟರು, ನರ್ತಕರು, ಹಾಡುಗಾರರು ಇವರನ್ನೆಲ್ಲ ಊರಿನಿಂದ ಹೊರಗೆ ಕಳುಹಿಸಿಬಿಟ್ಟರು. (ಮೇಳದ ಕಲಾವಿದರೇ ತುಂಬಿರುವ ನಮ್ಮ ಸೀಮೆಯಲ್ಲಿ ಈ ಭಾಗವನ್ನು ಪಾಠ ಮಾಡುವಾಗ ಸ್ವಲ್ಪ ಜಾಗ್ರತೆ ಬೇಕು.)

ಇಷ್ಟೆಲ್ಲ ಮಾಡಿದರೂ ಸೌಭ ಸುಲಭವಾಗಿ ಕೈಗೆ ಸಿಕ್ಕಲಿಲ್ಲ. ಅದು ಒಂದು ಕ್ರೋಶ ಮೇಲೆ ನಿಂತಿದ್ದಿತಾದುದರಿಂದ ಕೃಷ್ಣನ ಸೈನ್ಯದ ಬಾಣಗಳು ಅಲ್ಲಿಯವರೆಗೆ ಮುಟ್ಟುತ್ತಲೇ ಇರಲಿಲ್ಲ. ಕೊನೆಗೆ ಸುದರ್ಶನವು ಗರಗಸದಿಂದ ಮರ ಕೊಯ್ದಂತೆ ಅದನ್ನು ನಡುವಿನಲ್ಲಿ ಸೀಳುತ್ತದೆ. ಇಲ್ಲಿ ಗಮನಿಸಬೇಕಾದುದು ಸಾಲ್ವ ತೆತ್ತ ಸುಂಕವನ್ನು. ದಿನಕ್ಕೆ ಒಂದೇ ಹಿಡಿ ಮಣ್ಣು ತಿಂದು ಒಂದು ವರ್ಷ ತಪಸ್ಸು ಮಾಡಿ ಅವನು ಆ ವಾಹನವನ್ನು ಪಡೆದನೆಂದು ಭಾಗವತ ಹೇಳುತ್ತದೆ. ಅಷ್ಟು ತೆತ್ತರೂ ಸೌಭದ ಬಲವೆಲ್ಲ ನೋಡುವವರ ಕಣ್ಣು ತಪ್ಪಿಸುವುದರಲ್ಲಿದೆ. ತಂದೆಯೇ ಸತ್ತು ಕೆಳಗೆ ಬೀಳುತ್ತಿರುವಂತೆ ಕಂಡು ಕೃಷ್ಣ ಒಂದು ಗಳಿಗೆ ಧೃತಿಗೆಡುತ್ತಾನೆ. ಅದು ಮಾಯೆಯೆಂದು ತಿಳಿದ ಮೇಲೆ ಸೌಭದ ಆಯುಸ್ಸು ಮುಗಿಯುತ್ತ ಬಂದಿತೆಂದೇ ಲೆಕ್ಕ. ಕಾಣದಂತಿರುವುದೇ ಕವಚವಾದ ಯಂತ್ರಕ್ಕೆ ಕಂಡುಬಿಟ್ಟರೆ ಕವಚವಿಲ್ಲ.

ಭರತನ ತೇರು ಮತ್ತು ತೊಗಲು

ಪುರಾಣದ ಇನ್ನೊಂದು ಉದಾಹರಣೆಗೆ ನಾವು ಬಹು ದೂರ ಹೋಗಬೇಕಾಗಿಲ್ಲ. ಮೂಡಬಿದಿರೆಯ ರತ್ನಾಕರವರ್ಣಿಯು ಹದಿನಾರನೆಯ ಶತಮಾನದಲ್ಲಿ ಸುಮಾರು ಹತ್ತು ಸಾವಿರ ಸಾಂಗತ್ಯ ಪದ್ಯಗಳಲ್ಲಿ ಹಾಡಿದುದು ಭರತ ಚಕ್ರವರ್ತಿಯ ಕಥೆಯನ್ನು. ಅದೇ ಕಥೆಯನ್ನು ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಸಂಸ್ಕೃತದಲ್ಲಿಯೂ, 941ರಲ್ಲಿ ಪಂಪನು ಕನ್ನಡದಲ್ಲಿಯೂ ಹೇಳಿದ್ದರು. ಭರತನ ದಿಗ್ವಿಜಯವೆಂದರೆ ಯುದ್ಧಸಾಮಗ್ರಿಗಳ ಒಂದು ಪ್ರದರ್ಶನವೇ ಸರಿ.

ಅವನ ರಥದ ಹೆಸರು ಅಜಿತಂಜಯ. ಮಾಗಧದೇವನನ್ನು ಅಧೀನಪಡಿಸಿಕೊಳ್ಳಲು ಹೊರಟಾಗ ಆ ತೇರು ದಡದಲ್ಲಿ ನಿಲ್ಲದೆ ಲವಣಸಮುದ್ರದೊಳಕ್ಕೇ ನುಗ್ಗುತ್ತದೆ; ನೆಲದ ಮೇಲೆ ಹೇಗೊ ಹಾಗೆಯೇ ತೆರೆಗಳ ಮೇಲೆ ಸಾಗುತ್ತದೆ. ಆದರೆ ಎಲ್ಲಿಯವರೆಗೆ? ಹನ್ನೆರಡು ಯೋಜನದವರೆಗೆ. ಅಲ್ಲಿ ತೇರು ನಿಲ್ಲುತ್ತದೆ. ಮುಂದಿನ ಕೆಲಸ ಬಾಣದ್ದು. ಅಮೋಘವೆಂಬ ಆ ಬಾಣ ಭರತನ ಹೆಸರನ್ನು ಹೊತ್ತು ಮಾಗಧದೇವನ ಅರಮನೆಯಲ್ಲಿ ಹೋಗಿ ಬೀಳುತ್ತದೆ. ವಾಹನದ ಪಾತ್ರ ಬಿಲ್ಲಾಳನ್ನು ಹೊಡೆತದ ಅಳವಿಗೆ ತಂದು ಬಿಡುವುದು ಮಾತ್ರ. ರಣತಂತ್ರದ ದೃಷ್ಟಿಯಿಂದ ಇದಕ್ಕಿಂತ ಅಚ್ಚುಕಟ್ಟಾದ ಕೆಲಸದ ಹಂಚಿಕೆಯನ್ನು ನಾನು ಬೇರೆ ಕಾವ್ಯಗಳಲ್ಲಿ ಕಂಡಿಲ್ಲ.

ಇದಕ್ಕಿಂತಲೂ ಸ್ವಾರಸ್ಯವಾದುದು ಚರ್ಮರತ್ನ. ಹೆಸರೇ ಹೇಳುವಂತೆ ಅದೊಂದು ತೊಗಲು. ಉತ್ತರದ ಮ್ಲೇಚ್ಛರಾಜರಾದ ಚಿಲಾತ, ಆವರ್ತರು ತಮಗೆ ಒಲಿದ ನಾಗದೇವತೆಗಳಿಂದ ಭರತನ ಸೈನ್ಯದ ಮೇಲೆ ಬಿರುಮಳೆ ಸುರಿಸುತ್ತಾರೆ. ನೆಲವೇ ಕಡಲಾಗುತ್ತದೆ. ಆಗ ಆ ತೊಗಲನ್ನು ಕೆಳಗೆ ಹಾಸುತ್ತಾರೆ. ಅದು ಯೋಜನಗಟ್ಟಲೆ ಹರಡಿಕೊಳ್ಳುತ್ತದೆ. ಮೇಲೆ ಛತ್ರರತ್ನ ಬಿಚ್ಚಿಕೊಳ್ಳುತ್ತದೆ. ಎರಡರ ಅಂಚುಗಳು ಕೂಡಿ ಒಂದು ದೊಡ್ಡ ಮೊಟ್ಟೆಯಂತಾಗಿ ಇಡೀ ದಂಡು ಅದರೊಳಗೆ ನೀರಿನ ಮೇಲೆ ತೇಲುತ್ತ ಏಳು ದಿನ ಕಳೆಯುತ್ತದೆ. ಒಳಗೆ ಬೆಳಕಿಗೆ ಚಕ್ರರತ್ನ. ಪಾಳೆಯವಾಗಿದ್ದುದು ಹಡಗಾಯಿತು! ಆಟಿ ತಿಂಗಳಿನಲ್ಲಿ ನೇತ್ರಾವತಿ ಕೆಂಪಾಗಿ ಉಕ್ಕಿ ತೋಟಕ್ಕೆ ನುಗ್ಗುವುದನ್ನು ಕಂಡ ನಮ್ಮವರಿಗೆ ಈ ಏಳು ದಿನದ ಮಳೆಯ ವರ್ಣನೆ ಹೊಸತೆನಿಸಲಾರದು. ಆದರೆ ಸುಂಕ? ಮೊಟ್ಟೆಯೊಳಗಿರುವವರೆಗೂ ಸೈನ್ಯಕ್ಕೆ ಅಪಾಯವಿಲ್ಲ, ಆದರೆ ಒಂದು ಬಾಣ ಬಿಡುವುದಕ್ಕೂ ಆಗುವುದಿಲ್ಲ. ಕೊನೆಗೆ ನಾಗರನ್ನು ಗೆಲ್ಲಲು ಜಯಕುಮಾರ ಕಾದಬೇಕಾಯಿತು. ಮೇಘಸ್ವರನೆಂಬ ಬಿರುದು ಅವನಿಗೆ ಬಂದುದು ಆಗ.

ತೇಲುವ ಸೈನ್ಯವು ಕಾದಲಾರದು ಎಂಬುದನ್ನು ಇಪ್ಪತ್ತನೆಯ ಶತಮಾನದ ಯಂತ್ರವಿದ್ಯೆ ಅಪಾರ ವೆಚ್ಚಮಾಡಿ ಕಂಡುಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ, ಹಂಗೆರಿಯಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ನೆಲಸಿದ ನಿಕೊಲಸ್ ಸ್ಟ್ರಾಸ್ಲರ್ ಎಂಬ ಎಂಜಿನಿಯರು ಟ್ಯಾಂಕನ್ನು ದೋಣಿಯಾಗಿಸುವ ಉಪಾಯ ಹೂಡಿದನು. ಮೂವತ್ತು ಟನ್ನು ಮೀರಿದ ಷರ್ಮನ್ ಟ್ಯಾಂಕಿನ ಸುತ್ತ ಕ್ಯಾನ್ವಾಸಿನ ಒಂದು ಗೋಡೆ. ರಬ್ಬರು ಕೊಳವೆಗಳಿಗೆ ಗಾಳಿ ತುಂಬಿದರೆ ಅದು ಮೇಲೇಳುತ್ತದೆ. ಹಿಂದುಗಡೆ ಎರಡು ಪ್ರೊಪೆಲ್ಲರುಗಳು. ನೀರಿನಲ್ಲಿ ನಾಲ್ಕು ನಾಟ್ ವೇಗದ ದೋಣಿ. ದಡ ಮುಟ್ಟಿ ಕ್ಯಾನ್ವಾಸನ್ನು ಕೆಡವಿದೊಡನೆ ಫಿರಂಗಿ ಹೊತ್ತ ಟ್ಯಾಂಕು. ಚರ್ಮರತ್ನದ ಬದಲು ಕಿತ್ತಾನ ಎಂದರಾಯಿತು! ಗೋಡೆ ಎದ್ದಿರುವಾಗ ಫಿರಂಗಿ ಹಾರಿಸುವಂತಿಲ್ಲ, ಸುತ್ತ ಏನಿದೆಯೆಂದು ಕಾಣುವುದೂ ಕಷ್ಟ. 1944ರ ಜೂನ್ 6ರಂದು ನಾರ್ಮಂಡಿಯ ಒಮಾಹ ಕಡಲತೀರದಲ್ಲಿ ಅಮೆರಿಕದ ಒಂದು ಟ್ಯಾಂಕ್ ಬೆಟಾಲಿಯನ್ನಿನವರು ಇಂತಹ 29 ಟ್ಯಾಂಕುಗಳನ್ನು ದಡದಿಂದ ಸುಮಾರು ಮೂರು ಮೈಲಿ ದೂರದಲ್ಲಿ ನೀರಿಗಿಳಿಸಿದರು. ಒಂದು ಅಡಿಯಷ್ಟೇ ಎತ್ತರದ ಅಲೆಗಳಿಗೆಂದು ಮಾಡಿದ ಕ್ಯಾನ್ವಾಸು ಅಂದಿನ ಆಳೆತ್ತರದ ಅಲೆಗಳನ್ನು ತಡೆಯಲಾರದೆ ಹೋಯಿತು. 27 ಟ್ಯಾಂಕುಗಳು ಮುಳುಗಿದುವು. ಬೇರೆ ತೀರಗಳಲ್ಲಿ, ದಡದ ಹತ್ತಿರ ಇಳಿಸಿದಲ್ಲಿ, ಇದೇ ಟ್ಯಾಂಕುಗಳು ಚೆನ್ನಾಗಿಯೇ ಕೆಲಸ ಮಾಡಿದುವೆಂಬುದನ್ನೂ ಹೇಳಬೇಕು. ಭರತನ ತೇರಿನ ಹನ್ನೆರಡು ಯೋಜನದ ಗಡಿಯನ್ನು ಓದುವಾಗಲೆಲ್ಲ ನನಗೆ ಒಮಾಹದ ಆ ಮೂರು ಮೈಲಿ ನೆನಪಾಗುತ್ತದೆ.

ನಮ್ಮ ಸೈನ್ಯ 1971ರಲ್ಲಿ ಪೂರ್ವ ಬಂಗಾಳದ ನದಿಗಳ ಸೀಮೆಗೆ ಒಯ್ದ ರಷ್ಯದ ಪಿಟಿ-76 ಟ್ಯಾಂಕಿಗೆ ಇಂತಹ ಗೋಡೆಯೂ ಬೇಡ. ಅದು ಹುಟ್ಟಾ ಈಜುಗಾರ. ನೀರನ್ನು ಹಿಂದಕ್ಕೆ ಚಿಮ್ಮಿಸಿ ಮುಂದಕ್ಕೆ ಸಾಗುತ್ತದೆ. ಆದರೆ ಅದರ ತೂಕ ಹದಿನಾಲ್ಕೇ ಟನ್ನು, ಉಕ್ಕಿನ ಕವಚ ಒಂದು ಅಂಗುಲದಷ್ಟೂ ದಪ್ಪವಿಲ್ಲ. ಈಜು ಬೇಕೆಂದರೆ ಕವಚ ಬಿಡು, ಕವಚ ಬೇಕೆಂದರೆ ಈಜು ಬಿಡು. ಇಲ್ಲಿ ಚೌಕಾಶಿ ನಡೆಯದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ.

ಭರತನ ಸಾಮಗ್ರಿಗಳಲ್ಲೆಲ್ಲ ದೊಡ್ಡದು ಚಕ್ರರತ್ನ. ಅದರ ಸುಂಕವನ್ನು ನೋಡಬೇಕಾದರೆ ನಮ್ಮ ತಾಲ್ಲೂಕಿನ ವೇಣೂರಿಗೆ ಹೋದರೆ ಸಾಕು. ಫಲ್ಗುಣಿಯ ದಂಡೆಯಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ ಬಾಹುಬಲಿಯ ವಿಗ್ರಹ, 35 ಅಡಿ ಎತ್ತರ, ಇಂದಿಗೂ ಅಲ್ಲಿ ನಿಂತಿದೆ. ಷಟ್ಖಂಡವನ್ನು ಗೆದ್ದು ಬಂದ ಚಕ್ರ, ಈ ತಮ್ಮನೊಬ್ಬ ಮಣಿಯದಿದ್ದುದರಿಂದ, ರಾಜಧಾನಿಯ ಬಾಗಿಲಿನಲ್ಲಿ ನಿಂತುಬಿಟ್ಟಿತು. ಅಣ್ಣನು ಸಿಟ್ಟಿನಿಂದ ಅದನ್ನು ತಮ್ಮನ ಮೇಲೆ ಪ್ರಯೋಗಿಸಿದಾಗ ಅದು ಬಲಬಂದು ಪಕ್ಕದಲ್ಲಿ ನಿಂತಿತೇ ಹೊರತು ಕೊಲ್ಲಲಿಲ್ಲ. ಒಡಹುಟ್ಟಿದವರ ಮೇಲೆ ನಡೆಯದ ಆಯುಧ! ರತ್ನಾಕರನಿಗಂತೂ ಅಷ್ಟು ಕಾಳಗವೂ ಬೇಡವಾಯಿತು. ಅವನ ಭರತ ತಮ್ಮನನ್ನು ಮಾತಿನಿಂದಲೇ ಗೆಲ್ಲುತ್ತಾನೆ.

ಯಕ್ಷಗಾನದ ಮಾತನ್ನು ಇಲ್ಲಿಯೇ ಸೇರಿಸಿಬಿಡುತ್ತೇನೆ. ರಂಗಸ್ಥಳದ ನಡುವೆ ಇಡುವ ಮರದ ಪೀಠವನ್ನು ಮೇಳದವರು ‘ರಥ’ವೆಂದು ಕರೆಯುತ್ತಾರೆ. ಅದಕ್ಕೆ ರೆಕ್ಕೆಯಿಲ್ಲ, ಕುದುರೆಯಿಲ್ಲ. ದೇವೇಂದ್ರ ಕುಳಿತರೆ ಸಿಂಹಾಸನ, ಅರ್ಜುನ ಏರಿದರೆ ತೇರು, ರಾವಣ ಏರಿದರೆ ಪುಷ್ಪಕ. ಭಾಗವತರ ಒಂದು ಪದ, ಚೆಂಡೆಯ ನಾಲ್ಕು ಪೆಟ್ಟು, ಅಷ್ಟರಲ್ಲಿ ರೂಪಾಂತರ ಮುಗಿಯುತ್ತದೆ. ಅಲ್ಲಿ ಸುಂಕ ತೆರುವವನು ವೇಷಧಾರಿ. ಬೆಳಗಿನ ಜಾವದ ಅವನ ಕಾಲುಗಳನ್ನು ಕೇಳಬೇಕು.

ಆನೇಕಲ್ಲಿನ ತ್ರಿಪುರ ವಿಮಾನ

ಇನ್ನು ವಿದ್ಯಾರ್ಥಿಗಳ ಪ್ರಶ್ನೆಯ ನಿಜವಾದ ಮೂಲಕ್ಕೆ ಬರೋಣ. ಅವರು ಕೇಳುವುದು ಸೌಭವನ್ನಾಗಲಿ ಚರ್ಮರತ್ನವನ್ನಾಗಲಿ ಕುರಿತಲ್ಲ. ‘ವೈಮಾನಿಕ ಶಾಸ್ತ್ರ’ವೆಂಬ ಗ್ರಂಥವನ್ನು ಕುರಿತು. ಇದು ಅಪ್ಪಟ ಕರ್ನಾಟಕದ ಕಥೆ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಬಾಯಲ್ಲಿ ಹೇಳುತ್ತ ಹೋದ ಸಂಸ್ಕೃತ ಶ್ಲೋಕಗಳನ್ನು ವೆಂಕಟಾಚಲ ಶರ್ಮರು ಬರೆದುಕೊಂಡರು. ಭರದ್ವಾಜ ಮಹರ್ಷಿಗಳ ಗ್ರಂಥವೇ ತಮಗೆ ಸ್ಫುರಿಸಿತೆಂದು ಶಾಸ್ತ್ರಿಗಳು ಹೇಳುತ್ತಿದ್ದರು. 1923ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ನಕಾಶೆಗಾರರಾದ ಎಲ್ಲಪ್ಪ ಎಂಬವರಿಂದ ಅದಕ್ಕೆ ಚಿತ್ರಗಳನ್ನು ಬರೆಯಿಸಿದರು. 1941ರಲ್ಲಿ ಶಾಸ್ತ್ರಿಗಳು ತೀರಿಕೊಂಡರು. ಮೈಸೂರಿನ ಜಿ. ಆರ್. ಜೋಸ್ಯರ್ ಅವರು ಇಂಗ್ಲಿಷ್ ಅನುವಾದದೊಡನೆ 1973ರಲ್ಲಿ ಅದನ್ನು ಅಚ್ಚು ಹಾಕಿಸಿದ ಮೇಲೆ ಲೋಕವೆಲ್ಲ ಅದರ ಹೆಸರು ಹರಡಿತು.

ಗ್ರಂಥದಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ರಚನೆ ಇದೆ. ನಮಗೆ ಬೇಕಾದುದು ಕೊನೆಯದು. ಮೂರು ಆವರಣಗಳು, ಅಂದರೆ ಮೂರು ಅಂತಸ್ತುಗಳು, ಇರುವುದರಿಂದ ಇದಕ್ಕೆ ತ್ರಿಪುರವೆಂದು ಹೆಸರು. ಸೂರ್ಯಕಿರಣಗಳ ಶಕ್ತಿಯಿಂದ ಇದು ಚಲಿಸುತ್ತದೆ. ತನ್ನ ಆಕಾರವನ್ನು ಬದಲಿಸಿಕೊಂಡು ನೆಲದ ಮೇಲೂ, ನೀರಿನ ಮೇಲೂ ಒಳಗೂ, ಆಕಾಶದಲ್ಲಿಯೂ ಸಂಚರಿಸುವುದೇ ಇದರ ಲಕ್ಷಣ. ಮೊದಲನೆಯ ಭಾಗ ನೆಲಕ್ಕೆ, ಎರಡನೆಯದು ನೀರಿಗೆ, ಮೂರನೆಯದು ಬಾನಿಗೆ. ನೀರಿಗಿಳಿಯುವಾಗ ಚಕ್ರಗಳು ಮೇಲಕ್ಕೆ ಸೇದಿಕೊಳ್ಳುತ್ತವೆ. ನೀರು ಒಳಗೆ ಬಾರದಂತೆ ಹಾಲುಮರಗಳ ರಸದಿಂದ ಮಾಡಿದ ‘ಕ್ಷೀರೀಪಟ’ವೆಂಬ ಬಟ್ಟೆಯ ಹೊದಿಕೆ. ತೊಗಲು, ಕ್ಯಾನ್ವಾಸು, ಕ್ಷೀರೀಪಟ! ಮನುಷ್ಯನ ಕಲ್ಪನೆ ನೀರನ್ನು ಕಂಡಾಗಲೆಲ್ಲ ಬಟ್ಟೆ ಹುಡುಕುವುದು ಎಂತಹ ತಮಾಷೆ! ವಾಹನದ ದೇಹಕ್ಕೆ ತ್ರಿನೇತ್ರವೆಂಬ ಲೋಹ. ಈ ಲೋಹಕ್ಕೆ ಬೆರಸಬೇಕಾದ ಇತರ ಲೋಹಗಳ ಪಾಲುಗಳನ್ನು ಕೊಟ್ಟಿದೆ. ಆ ಲೋಹಗಳು ಭೂಮಿಯ ಮೇಲೆ ಯಾವುವೆಂದು ಮಾತ್ರ ಓದುಗನೇ ಹುಡುಕಿಕೊಳ್ಳಬೇಕು.

ರಣರಂಗದ ಪಾತ್ರಗಳನ್ನು ತಿಳಿಯಬೇಕಾದರೆ ವಿಮಾನ ನಡೆಸುವವನು ಕಲಿಯಬೇಕಾದ ಮೂವತ್ತೆರಡು ರಹಸ್ಯಗಳನ್ನು ಓದಬೇಕು. ಈ ಪಟ್ಟಿ ನಿಜಕ್ಕೂ ಸೊಗಸಾಗಿದೆ. ‘ಸಂಕೋಚ’ದಲ್ಲಿ ವಿಮಾನ ತನ್ನ ಅಂಗಗಳನ್ನು ಒಳಗೆ ಸೇದಿಕೊಳ್ಳುತ್ತದೆ. ‘ವಿರೂಪಕರಣ’ದಲ್ಲಿ ಹೊಗೆಯ ನಡುವೆ ಭಯಂಕರ ರೂಪ ತಾಳಿ ನೋಡುವವರನ್ನು ಹೆದರಿಸುತ್ತದೆ. ‘ರೂಪಾಂತರ’ದಲ್ಲಿ ಸಿಂಹ, ಹುಲಿ, ಖಡ್ಗಮೃಗ, ಹಾವು, ಬೆಟ್ಟ, ಹೊಳೆಗಳಂತೆ ತೋರುತ್ತದೆ. ‘ಜಲದರೂಪ’ದಲ್ಲಿ ಮೋಡದಂತೆ. ‘ಪರಶಬ್ದಗ್ರಾಹಕ’ದಿಂದ ಶತ್ರುವಿಮಾನದೊಳಗಿನ ಮಾತನ್ನು ಕೇಳಬಹುದು, ‘ರೂಪಾಕರ್ಷಣ’ದಿಂದ ಅದರ ಒಳಗಿರುವುದನ್ನು ನೋಡಬಹುದು, ‘ಸ್ತಬ್ಧಕ’ದಿಂದ ವಿಷಧೂಮ ಬಿಟ್ಟು ಅದರಲ್ಲಿರುವವರ ಪ್ರಜ್ಞೆ ತಪ್ಪಿಸಬಹುದು. ನಡೆಸುವವನು ಯಾವ ಋತುವಿನಲ್ಲಿ ಏನು ಉಣ್ಣಬೇಕೆಂಬುದನ್ನು ಸಹ ಗ್ರಂಥ ಮರೆತಿಲ್ಲ. ಆ ಚಾಲಕನ ಊಟದ ಭಾಗ ನನಗೆ ಬಹಳ ಹಿಡಿಸಿತು. ಒಳ್ಳೆಯ ಕಾದಂಬರಿಕಾರನಿಗೆ ಮಾತ್ರ ಹೊಳೆಯುವ ವಿವರ ಅದು.

ಇಷ್ಟೆಲ್ಲ ಇದ್ದೂ ಒಂದು ಇಲ್ಲ. ತ್ರಿಪುರ ವಿಮಾನ ಎಲ್ಲಿಯೂ ಸುಂಕ ಕೊಡುವುದಿಲ್ಲ. ನೆಲದ ಚಕ್ರಗಳನ್ನು ಆಕಾಶದಲ್ಲಿ ಹೊತ್ತು ತಿರುಗುವುದರ ಭಾರವೆಷ್ಟು? ನೀರೊಳಗೆ ಸೂರ್ಯಕಿರಣ ಎಲ್ಲಿಂದ? ವೇಷ ಬದಲಿಸುತ್ತಿರುವ ಗಳಿಗೆಯಲ್ಲಿ ಶತ್ರು ಬಂದರೆ ಗತಿಯೇನು? ಸಾಲ್ವನ ಕಥೆ ಹೇಳಿದ ಕವಿ ಈ ಪ್ರಶ್ನೆಗಳನ್ನು ಕೇಳಿಕೊಂಡಿದ್ದನು. ಪುರಾಣದ ಮೂಲ ತ್ರಿಪುರಗಳಿಗೂ, ತಾರಕಾಕ್ಷ, ಕಮಲಾಕ್ಷ, ವಿದ್ಯುನ್ಮಾಲಿಗಳ ಆ ಮೂರು ಹಾರುವ ಪಟ್ಟಣಗಳಿಗೂ, ಸಾವಿರ ವರ್ಷಕ್ಕೊಮ್ಮೆ ಮೂರೂ ಒಂದಾಗುವ ಗಳಿಗೆಯಲ್ಲಿ ಒಂದೇ ಬಾಣಕ್ಕೆ ಉರಿದುಹೋಗುವ ದೌರ್ಬಲ್ಯವಿತ್ತು. ಆ ಹೆಸರನ್ನು ಎರವಲು ಪಡೆದ ಆನೇಕಲ್ಲಿನ ವಿಮಾನಕ್ಕೆ ಅದಿಲ್ಲ.

ಬೆಂಗಳೂರಿನ ಪರೀಕ್ಷೆ

ಪುಸ್ತಕ ಹೊರಬಂದ ಮರುವರ್ಷವೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು, ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು, ಅದನ್ನು ಕೂಲಂಕಷವಾಗಿ ಪರಿಶೀಲಿಸಿ ಒಂದು ಲೇಖನ ಪ್ರಕಟಿಸಿದರು. ಅವರು ಗ್ರಂಥವನ್ನು ನಗೆಯಾಡಿ ಬದಿಗಿಡಲಿಲ್ಲವೆಂಬುದು ಮೆಚ್ಚತಕ್ಕ ವಿಷಯ. ಹೇಳಿದ ಅಳತೆಗಳನ್ನು ತೆಗೆದುಕೊಂಡರು, ಚಿತ್ರಗಳನ್ನು ಪಠ್ಯದೊಡನೆ ಹೋಲಿಸಿದರು, ಹಾರಾಟದ ಲೆಕ್ಕ ಹಾಕಿದರು. ಮೇಲಿನಿಂದ ಗಾಳಿಯನ್ನು ಹೀರಿ ಕೊಳವೆಗಳ ಮೂಲಕ ಕೆಳಕ್ಕೆ ತಳ್ಳುವ ರುಕ್ಮ ವಿಮಾನದಲ್ಲಿ ಮಾತ್ರ ಅಲ್ಪಸ್ವಲ್ಪ ಅರ್ಥ ಕಂಡಿತು. ಉಳಿದಂತೆ, ನಾಲ್ಕರಲ್ಲಿ ಯಾವುದಕ್ಕೂ ಹಾರುವ ಗುಣವಿಲ್ಲ. ಅವುಗಳನ್ನು ಮುನ್ನಡೆಸಬೇಕಾದ ವ್ಯವಸ್ಥೆ ಹಾರಾಟಕ್ಕೆ ಸಹಾಯ ಮಾಡುವ ಬದಲು ಅಡ್ಡಿಯನ್ನೇ ಮಾಡುವಂತಹುದು ಎಂದು ಅವರು ನಿರ್ಣಯಿಸಿದರು. ಗ್ರಂಥ 1904ಕ್ಕಿಂತ ಹಿಂದಿನದಾಗಿರಲಾರದೆಂದೂ ಹೇಳಿದರು.

ಈ ಕಾಲನಿರ್ಣಯದ ವಿಷಯದಲ್ಲಿ ಭಾಷೆ ಓದಿದವನಿಗೂ ಒಂದು ಮಾತಾಡುವ ಹಕ್ಕಿದೆ. ಯಾರಾದರೂ ಒಂದು ಓಲೆಗರಿ ತಂದು ಇದು ಪಂಪನ ಕಾಲದ ಕಾವ್ಯವೆಂದರೆ ನಾವು ಮೊದಲು ನೋಡುವುದು ಭಾಷೆಯನ್ನು. ಱ, ೞಗಳು ತಮ್ಮ ಸ್ಥಾನದಲ್ಲಿವೆಯೆ? ‘ಮಾಡಿದಂ’ ಎಂದಿದೆಯೊ ‘ಮಾಡಿದನು’ ಎಂದಿದೆಯೊ? ಕವಿ ಏನು ಹೇಳಿಕೊಂಡರೂ ಅಕ್ಷರ ಸುಳ್ಳು ಹೇಳುವುದಿಲ್ಲ. ವೈಮಾನಿಕ ಶಾಸ್ತ್ರದ ಸಂಸ್ಕೃತ ವೇದಕಾಲದ್ದಲ್ಲ. ಸರಳವಾದ, ಈಚಿನ ಅನುಷ್ಟುಪ್ಪು. ಇನ್ನು ಪ್ರತಿಯ ಮಾತು. ಮೂಡ

ಬಿದಿರೆಯ ಬಸದಿಯಲ್ಲಿ ಧವಲ, ಜಯಧವಲಗಳ ಓಲೆಗರಿಗಳು ಹಳೆಯ ಕನ್ನಡ ಲಿಪಿಯಲ್ಲಿ ಶತಮಾನಗಳಿಂದ ಉಳಿದುಬಂದಿವೆ. ಅವುಗಳ ಲಿಪಿಯೇ ಅವುಗಳ ವಯಸ್ಸಿಗೆ ಸಾಕ್ಷಿ. ವೈಮಾನಿಕ ಶಾಸ್ತ್ರಕ್ಕೆ ಅಂತಹ ಒಂದು ಗರಿಯ ಸಾಕ್ಷಿಯೂ ಇಲ್ಲ. ಅದರ ಮೊದಲ ಪ್ರತಿಯೇ ಇಪ್ಪತ್ತನೆಯ ಶತಮಾನದ ಕಾಗದ.

ಇಷ್ಟಾದರೂ 2015ರ ಜನವರಿಯಲ್ಲಿ ಮುಂಬಯಿಯ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಈ ಗ್ರಂಥವನ್ನು ಆಧರಿಸಿ, ನಮ್ಮ ಪೂರ್ವಜರ ವಿಮಾನಗಳು ಗ್ರಹದಿಂದ ಗ್ರಹಕ್ಕೆ ಹಾರುತ್ತಿದ್ದುವೆಂಬ ಪ್ರಬಂಧ ಮಂಡಿತವಾಯಿತು. ದೊಡ್ಡ ಗದ್ದಲವೆದ್ದಿತು. ಆ ಗದ್ದಲದಲ್ಲಿ ನಷ್ಟವಾದುದು ಯಾರಿಗೆ? ವಿಜ್ಞಾನಕ್ಕೆ ನಷ್ಟವಾಗಲಿಲ್ಲ, ಅದಕ್ಕೆ ತನ್ನ ತಕ್ಕಡಿಯಿದೆ. ನಷ್ಟವಾದುದು ಕಾವ್ಯಕ್ಕೆಂದು ನನ್ನ ಎಣಿಕೆ. ಸೌಭವನ್ನೂ ಪುಷ್ಪಕವನ್ನೂ ಎಂಜಿನಿಯರಿಂಗಿನ ಸಾಕ್ಷಿಕಟ್ಟೆಗೆ ಎಳೆದು ನಿಲ್ಲಿಸಿದರೆ ಅವು ಅಲ್ಲಿ ಸೋಲಲೇಬೇಕು. ಸೋತ ಮೇಲೆ ತರಗತಿಯಲ್ಲಿ ಹುಡುಗರು ಅವುಗಳನ್ನು ಕೇಳುವುದು ನಗುವುದಕ್ಕಾಗಿ. ಕವಿ ಬಯಸಿದುದು ಅವನ ವಿಮಾನವನ್ನು ನಂಬಬೇಕೆಂದಲ್ಲ, ಅದರ ಒಳಗೆ ಕುಳಿತು ಒಂದು ಗಳಿಗೆ ಕೆಳಗೆ ನೋಡಬೇಕೆಂದು.

ಸುಬ್ಬರಾಯ ಶಾಸ್ತ್ರಿಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವರ ಕಾಲದಲ್ಲಿ ರೂಪ ಬದಲಿಸುವ ಯಂತ್ರದ ಕನಸು ಲೋಕದ ಬೇರೆ ಕಡೆಗಳಲ್ಲಿಯೂ ಹಬ್ಬಿತ್ತು. ಅದೇ 1904ರಲ್ಲಿ ಫ್ರಾನ್ಸಿನ ಜೂಲ್ಸ್ ವರ್ನ್ ‘ಲೋಕದೊಡೆಯ’ ಎಂಬರ್ಥದ ಹೆಸರಿನ ಕಾದಂಬರಿಯೊಂದನ್ನು ಪ್ರಕಟಿಸಿದನು. ಅದರಲ್ಲಿ ರೋಬರ್ ಎಂಬವನ ಬಳಿ ಒಂದೇ ಯಂತ್ರ. ರಸ್ತೆಯಲ್ಲಿ ಮೋಟಾರು, ನೀರಿನ ಮೇಲೆ ಹಡಗು, ನೀರೊಳಗೆ ಜಲಾಂತರ್ಗಾಮಿ, ರೆಕ್ಕೆ ಬಿಚ್ಚಿದರೆ ವಿಮಾನ. ಸರಕಾರಗಳು ಎಷ್ಟು ಹಣ ಕೊಡುತ್ತೇವೆಂದರೂ ಅವನು ಅದನ್ನು ಮಾರಲಿಲ್ಲ. ತ್ರಿಪುರಕ್ಕೂ ಇದಕ್ಕೂ ಇರುವ ಸಾಮ್ಯ ಆಶ್ಚರ್ಯಕರವಾದುದು. ಆದರೆ ವರ್ನ್ ತನ್ನ ಪುಸ್ತಕವನ್ನು ಕಾದಂಬರಿಯೆಂದೇ ಕರೆದನು. ಸುಂಕವನ್ನೂ ವಸೂಲು ಮಾಡಿದನು: ಮದವೇರಿದ ರೋಬರ್ ಬಿರುಗಾಳಿಯ ನಡುವಿಗೇ ಯಂತ್ರವನ್ನು ಹಾರಿಸಿ, ಸಿಡಿಲು ಬಡಿದು, ಯಂತ್ರದೊಡನೆ ಕಡಲಿಗೆ ಬೀಳುತ್ತಾನೆ. ಆನೇಕಲ್ಲಿನ ಗ್ರಂಥಕ್ಕೂ ಕಾದಂಬರಿಯೆಂಬ ಹೆಸರಿದ್ದಿದ್ದರೆ ಭಾರತದ ವೈಜ್ಞಾನಿಕ ಕಥಾಸಾಹಿತ್ಯದ ಮೊದಲ ಸಾಲಿನಲ್ಲಿ ನಾವು ಅದನ್ನು ಪಾಠಕ್ಕಿಡುತ್ತಿದ್ದೆವು. ವಿಷಧೂಮ, ಕದ್ದು ಕೇಳುವ ಯಂತ್ರ, ಮೋಡದ ವೇಷ: ಮೊದಲ ಮಹಾಯುದ್ಧದ ಸುದ್ದಿ ಪತ್ರಿಕೆಗಳಲ್ಲಿ ತುಂಬಿದ್ದ ವರ್ಷಗಳಲ್ಲಿ ಆನೇಕಲ್ಲಿನಲ್ಲಿ ಕುಳಿತ ಸಂಸ್ಕೃತ ಪಂಡಿತರೊಬ್ಬರ ಮನಸ್ಸಿನಲ್ಲಿ ಏನೇನು ಓಡುತ್ತಿತ್ತೆಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಎಲ್ಲಿ ಸಿಕ್ಕೀತು?

ನೆಲದ ಟ್ಯಾಂಕು ಬಾನಿಗೆ ಹಾರಿದುದು ಎಂದೂ ಇಲ್ಲವೆ? ಇದನ್ನು ಕೇಳದೆ ಹುಡುಗರು ಬಿಡುವುದಿಲ್ಲ. ಹಾರಿದುದುಂಟು, ಒಂದೇ ಒಂದು ಸಾರಿ. ಆಂಟೊನೊವ್ ಎಂಬ ರಷ್ಯದ ವಿಮಾನಶಿಲ್ಪಿ ಟಿ-60 ಎಂಬ ಸಣ್ಣ ಟ್ಯಾಂಕಿಗೆ ಮೇಲೊಂದು ಕೆಳಗೊಂದರಂತೆ ಮರದ ರೆಕ್ಕೆಗಳನ್ನೂ ಬಾಲವನ್ನೂ ಕಟ್ಟಿದನು. 1942ರ ಸೆಪ್ಟೆಂಬರ್ 2ರಂದು ದೊಡ್ಡ ಬಾಂಬರು ವಿಮಾನವೊಂದು ಅದನ್ನು ಹಗ್ಗದಿಂದ ಎಳೆದುಕೊಂಡು ಮೇಲೇರಿತು. ಭಾರ ತಗ್ಗಿಸಲು ಟ್ಯಾಂಕಿನ ಫಿರಂಗಿಯನ್ನು ಕಳಚಿದ್ದರು, ಗುಂಡುಮದ್ದನ್ನು ಇಳಿಸಿದ್ದರು, ಮುಂದಿನ ದೀಪಗಳನ್ನು ಸಹ ಬಿಚ್ಚಿದ್ದರು, ಎಣ್ಣೆಯೂ ಬೇಕಾದಷ್ಟೇ. ಆದರೂ ಎಳೆಯುವ ವಿಮಾನಕ್ಕೆ ಉಸಿರು ಕಟ್ಟಿತು, ಹಗ್ಗ ಬಿಡಲೇಬೇಕಾಯಿತು. ಟ್ಯಾಂಕಿನೊಳಗಿದ್ದ ಸೆರ್ಗೆಯ್ ಅನೋಖಿನ್ ಎಂಬ ಪೈಲಟು ಅದನ್ನು ತೇಲಿಸುತ್ತ ಒಂದು ಬಯಲಿನಲ್ಲಿ ಇಳಿಸಿ, ರೆಕ್ಕೆಗಳನ್ನು ಅಲ್ಲಿಯೇ ಕಳಚಿ ಬಿಟ್ಟು, ಎಂಜಿನ್ ಚಾಲೂ ಮಾಡಿ, ನೆಲದ ಮೇಲೆ ಟ್ಯಾಂಕನ್ನು ಓಡಿಸಿಕೊಂಡು ತನ್ನ ನೆಲೆಗೆ ಹಿಂದಿರುಗಿದನು.